ಕಡೇ ಸೀಟು ಎಷ್ಟಕ್ಕೆ ನಿಂತಿತು?

ಯಾವ ಪಟ್ಟಿ ಕೈಗೆ ಕೊಟ್ಟರೂ ನಾನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಮದುವೆಯ ಕರೆಯೋಲೆ ಬಂದರೆ ಮೊದಲು ಕಣ್ಣಿಗೆ ಬೀಳುವುದು ಕೊನೆಯ ಸಾಲಿನ ಪುಟಾಣಿಗಳ ಹೆಸರು. ವಧೂವರರು ಯಾರೆಂದು ತಿಳಿಯುವ ಹೊತ್ತಿಗೆ ಕಾಫಿ ಆರಿರುತ್ತದೆ. ಹೋಟೆಲಿಗೆ ಹೋದರೆ ಉಳಿದವರು ಇಡ್ಲಿಯೋ ದೋಸೆಯೋ ಎಂದು ಯೋಚಿಸುತ್ತಿರುವಾಗ ನಾನು ಬಾದಾಮಿ ಹಾಲು ಹೇಳಿ ಮುಗಿಸಿರುತ್ತೇನೆ. ನಮ್ಮ ಸಹಕಾರನಗರದ ಪಾರ್ಕಿನ ಗೇಟಿಗೆ ನಿಯಮಗಳ ಬೋರ್ಡು ಹಾಕಿದ್ದಾರೆ. ಅದರ ಹದಿನಾಲ್ಕನೆಯ ನಿಯಮದಿಂದ ಹತ್ತನೆಯದರವರೆಗೆ ನನಗೆ ಬಾಯಿಪಾಠ, ಮೇಲಿನ ಒಂಬತ್ತನ್ನು ಇವತ್ತಿಗೂ ಓದಿಲ್ಲ. ನಮ್ಮ ಯಜಮಾನರು ಹೊಸಬರಿಗೆ ನನ್ನನ್ನು ಪರಿಚಯಿಸುವಾಗ ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದಳು ಎನ್ನುವುದಕ್ಕಿಂತ ಮುಂಚೆ ಇದನ್ನೇ ಹೇಳುತ್ತಾರೆ.

ಮೊನ್ನೆ ಪಕ್ಕದ ಮನೆಯ ಹುಡುಗಿ ಫೋನು ಹಿಡಿದುಕೊಂಡು ಬಂದಳು. ಅದರಲ್ಲಿ ಅಂಕಗಳನ್ನು ತುಂಬಿದರೆ ಯಾವ ಯಾವ ಕಾಲೇಜಿನಲ್ಲಿ ಸೀಟು ಸಿಗುವ ಸಂಭವ ಎಷ್ಟೆಷ್ಟು ಎಂದು ಪಟ್ಟಿ ಬರುತ್ತದಂತೆ. ಹಸಿರು ಬಣ್ಣ ಬಂದರೆ ಸಿಗುತ್ತದೆ, ಕೆಂಪು ಬಂದರೆ ಇಲ್ಲ. ನಾನು ಕನ್ನಡಕ ಏರಿಸಿಕೊಂಡು ಪಟ್ಟಿಯ ಬುಡದಿಂದ ಶುರುಮಾಡಿದೆ. ಅವಳು ನಕ್ಕು, ಆಂಟಿ ನೀವು ಯಾಕೆ ಯಾವಾಗಲೂ ಉಲ್ಟಾ ಓದುತ್ತೀರ ಎಂದು ಕೇಳಿದಳು. ಅಭ್ಯಾಸ ಕಣಮ್ಮ ಎಂದು ಹೇಳಿ ಕಳಿಸಿದೆ. ಆದರೆ ಅಭ್ಯಾಸ ತಾನಾಗಿ ಬಂದದ್ದಲ್ಲ, ಒಬ್ಬರು ಕಲಿಸಿದ್ದು. ಈ ಹುಡುಗಿಯ ಫೋನಿನ ಕೆಲಸವನ್ನು ಅವರು ಎಪ್ಪತ್ತರ ದಶಕದಲ್ಲಿ, ಯಲಹಂಕದ ಒಂದು ಮಹಡಿಯ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದರು. ಹಸಿರು ಕೆಂಪು ಏನೂ ಇರಲಿಲ್ಲ.

ಅವರ ಹೆಸರು ಕಮರುನ್ನೀಸಾ. ವಿದ್ಯಾರ್ಥಿಗಳಿಗೆ ಕಮರ್ ಮೇಡಂ, ನಮ್ಮ ಪುಟ್ಟೇನಹಳ್ಳಿ ಕಡೆಯ ಹಿರಿಯರ ಬಾಯಲ್ಲಿ ಟೈಪ್ ಮೇಡಮ್ಮ. ಯಲಹಂಕದ ಹಳೇ ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿಯ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಅವರ ತಂದೆ ಶುರುಮಾಡಿದ್ದು, ಅವರ ನಂತರ ಇವರು ನಡೆಸುತ್ತಿದ್ದರು. ಮರದ ಮೆಟ್ಟಿಲು ಹತ್ತುವಾಗ ಕೆಳಗಿನಿಂದ ಯೂರಿಯಾ ವಾಸನೆ, ಮೇಲಿನಿಂದ ರಿಬ್ಬನ್ನಿನ ಶಾಯಿಯ ವಾಸನೆ ಮೂಗಿಗೆ ಬಡಿಯುತ್ತಿದ್ದವು. ಹನ್ನೆರಡು ಯಂತ್ರಗಳು ಒಟ್ಟಿಗೆ ಬಡಿದುಕೊಳ್ಳುವ ಸದ್ದಿಗೆ ಒಳಗೆ ಮಾತು ಕೇಳಿಸುತ್ತಿರಲಿಲ್ಲ. ಮೇಡಂ ಮಾತ್ರ ಆ ಗದ್ದಲದ ನಡುವೆಯೇ, ಮೂರನೇ ಮೆಷಿನ್ನು, ಕಿರುಬೆರಳು ಬಳಸ್ತಾ ಇಲ್ಲ ನೀನು ಎಂದು ಕೂತಲ್ಲಿಂದಲೇ ಹೇಳುತ್ತಿದ್ದರು. ಮೂರನೇ ಮೆಷಿನ್ನಿನವನು ಬೆಚ್ಚಿ ಕಿರುಬೆರಳು ಹುಡುಕಿಕೊಳ್ಳುತ್ತಿದ್ದ.

ವರ್ಷದ ಹತ್ತು ತಿಂಗಳು ಅಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆಗೆ ಕಲಿಯುವವರ ಕಾಲ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮೇಲಿನ ಎರಡು ತಿಂಗಳು ಮಾತ್ರ ಟ್ರೂ ಕಾಪಿ ಕಾಲ. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆಗ ನಮ್ಮ ಕಡೆ ಜೆರಾಕ್ಸ್ ಯಂತ್ರ ಬಂದಿರಲಿಲ್ಲ. ಅಂಕಪಟ್ಟಿಯ ನಕಲು ಬೇಕೆಂದರೆ ಅದನ್ನು ಅಕ್ಷರಕ್ಕೆ ಅಕ್ಷರ, ಅಂಕಿಗೆ ಅಂಕಿ ಟೈಪು ಮಾಡಿಸಿ, ಕೆಳಗೆ 'ಟ್ರೂ ಕಾಪಿ' ಎಂದು ಹೊಡೆಸಿ, ಗೆಜೆಟೆಡ್ ಅಧಿಕಾರಿಯೊಬ್ಬರಿಂದ ಹಸಿರು ಶಾಯಿಯ ಸಹಿ ಹಾಕಿಸಬೇಕಿತ್ತು. ಒಂದೊಂದು ಕಾಲೇಜಿನ ಅರ್ಜಿಗೂ ಒಂದೊಂದು ಕಾಪಿ, ಹಾಳೆಗಳ ನಡುವೆ ಕಾರ್ಬನ್ ಪೇಪರ್ ಇಟ್ಟು ಹೊಡೆಯುವುದು. ನಮ್ಮ ಸುತ್ತಮುತ್ತ ಕೈಗೆ ಸಿಗುವ ಗೆಜೆಟೆಡ್ ಅಧಿಕಾರಿ ಎಂದರೆ ಪಶುವೈದ್ಯರೊಬ್ಬರೇ. ಜೂನ್ ತಿಂಗಳಲ್ಲಿ ಅವರ ಆಸ್ಪತ್ರೆಯ ಮುಂದೆ ಎಮ್ಮೆಗಳ ಸಾಲು ಒಂದು ಕಡೆ, ನಮ್ಮ ಸಾಲು ಒಂದು ಕಡೆ. ಎಮ್ಮೆಯ ಗಂಟಲಿಗೆ ಔಷಧಿ ಹುಯ್ದು, ಕೈ ತೊಳೆದುಕೊಂಡು ಬಂದು, ನಮ್ಮ ಗಣಿತದ ಅಂಕ ನೋಡಿ ಒಂದು ಸಲ ನಿಟ್ಟುಸಿರು ಬಿಟ್ಟು ಸಹಿ ಹಾಕುತ್ತಿದ್ದರು. ನನ್ನ ಕಾಪಿಯಲ್ಲಿ ಅವರ ಸಹಿಯ ಪಕ್ಕ ಒಂದು ಹನಿ ಏನೋ ಬಿದ್ದಿತ್ತು, ಅದೇನೆಂದು ನಾನು ವಿಚಾರಿಸಲು ಹೋಗಲಿಲ್ಲ.

ಹೀಗೆ ಯಲಹಂಕ, ಕೊಡಿಗೇಹಳ್ಳಿ, ಹೆಬ್ಬಾಳ, ಅತ್ತ ಜಾಲದ ಕಡೆಯ ಹಳ್ಳಿಗಳವರೆಗೆ ಎಸ್‌ಎಸ್‌ಎಲ್‌ಸಿ ಪಾಸಾದ ಮಕ್ಕಳ ಅಂಕಗಳೆಲ್ಲ ಕಮರ್ ಮೇಡಂ ಬೆರಳುಗಳ ಮೂಲಕ ಹಾದು ಹೋಗುತ್ತಿದ್ದವು. ಸೀಟು ಸಿಕ್ಕವರು ಸಿಹಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದರು. ಅಂಥವರನ್ನು ಬೇರೆ ಯಾರಾದರೂ ಆಗಿದ್ದರೆ, ಕ್ಲಾಸಿಗೆ ಮೊದಲು ಬಂದವರು ಯಾರು, ನಿನಗೆಷ್ಟನೇ ಸ್ಥಾನ ಎಂದು ಕೇಳುತ್ತಿದ್ದರು. ಮೇಡಂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಕಡೇ ಸೀಟು ಎಷ್ಟಕ್ಕೆ ನಿಂತಿತು? ಮೊದಲನೆಯವನಿಗೆ ಎಲ್ಲ ಕಾಲೇಜೂ ಬಾಗಿಲು ತೆಗೆಯುತ್ತದೆ, ಅವನನ್ನು ನೋಡಿ ಏನು ತಿಳಿಯುತ್ತದೆ ಎಂಬುದು ಅವರ ವಾದ. ಕಡೆಯಲ್ಲಿ ನಿಂತವನೇ ಆ ಕಾಲೇಜಿನ ಹೊಸ್ತಿಲು ಎಷ್ಟು ಎತ್ತರ ಎಂದು ಹೇಳುವವನು. ಕಾಲೇಜಿನ ನೋಟಿಸ್ ಬೋರ್ಡಿನ ಪಟ್ಟಿಯನ್ನು ಬುಡದಿಂದ ಓದಿಕೊಂಡು ಬಾ ಎಂದು ಹುಡುಗರಿಗೆ ಹೇಳಿ ಕಳಿಸುತ್ತಿದ್ದರು. ಅವರು ಓದಿಕೊಂಡು ಬಂದು ಒಪ್ಪಿಸುತ್ತಿದ್ದರು. ಮೇಡಂ ಒಂದನ್ನೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ. ಯಾವ ಕಾಲೇಜು, ಯಾವ ವರ್ಷ, ಯಾವ ವಿಭಾಗ, ಮೊದಲನೇ ಪಟ್ಟಿ ಎಷ್ಟಕ್ಕೆ, ಎರಡನೆಯದು ಎಷ್ಟಕ್ಕೆ, ಎಲ್ಲವೂ ತಲೆಯಲ್ಲಿತ್ತು. ನಾನು ಬಹಳ ಜನ ಮೇಧಾವಿಗಳ ಜೊತೆ ಕೆಲಸ ಮಾಡಿದ್ದೇನೆ. ಆದರೂ ಆ ತಲೆಯನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಟೈಪು ಮಾಡಿಸಲು ಬಂದವರು ಹೋಗುವ ಮುಂಚೆ, ಮೇಡಂ ಸಿಗತ್ತಾ ಎಂದು ಕೇಳಿಯೇ ಹೋಗುವುದು ವಾಡಿಕೆಯಾಯಿತು. ಆಗ ಅವರು ಅಂಕಪಟ್ಟಿಯನ್ನು ಮೇಜಿನ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು. ಬೆರಳುಗಳು ಮೇಜಿನ ಮೇಲೆ ಸದ್ದಿಲ್ಲದೆ ಆಡುತ್ತಿದ್ದವು, ಅಲ್ಲೂ ಏನೋ ಟೈಪು ಮಾಡುತ್ತಿರುವ ಹಾಗೆ. ಆಮೇಲೆ ಕಣ್ಣು ತೆರೆದು ಸಿಗತ್ತೆ ಎನ್ನುತ್ತಿದ್ದರು, ಇಲ್ಲವೇ ಸಿಗಲ್ಲ. ಸಿಗಲ್ಲ ಎಂದವರನ್ನು ಬರಿಗೈಲಿ ಕಳಿಸುತ್ತಿರಲಿಲ್ಲ. ಎಲ್ಲಿ ಸಿಗುತ್ತದೆ ಎಂಬುದನ್ನು ಹೇಳಿ, ಅಲ್ಲಿಗೆ ಅರ್ಜಿ ಯಾವತ್ತು ಕೊಡುತ್ತಾರೆ, ಯಾವ ಗೇಟಿನಿಂದ ಹೋಗಬೇಕು, ಯಾವ ಗುಮಾಸ್ತ ಮಧ್ಯಾಹ್ನ ಊಟಕ್ಕೆ ಬೇಗ ಏಳುತ್ತಾನೆ ಎಂಬುದನ್ನೂ ಸೇರಿಸುತ್ತಿದ್ದರು. ಕೊಡಿಗೇಹಳ್ಳಿಯ ಜಮೀನ್ದಾರರೊಬ್ಬರು ಮಗನ ಎದುರಿಗೇ ಸಿಗಲ್ಲ ಎನಿಸಿಕೊಂಡು, ಟೈಪು ಹೊಡೆಯೋರಿಗೆ ಏನು ಗೊತ್ತು ಎಂದು ಮೀಸೆ ತಿರುವಿ ಇಳಿದು ಹೋದರಂತೆ. ಹದಿನೈದು ದಿನದ ಮೇಲೆ ಒಂದು ಬುಟ್ಟಿ ಸೀಬೆಕಾಯಿ ಹೊರಿಸಿಕೊಂಡು ಬಂದು, ಎಲ್ಲಿ ಸಿಗುತ್ತದೆ ಅಂದಿರಲ್ಲ, ಆ ಕಾಲೇಜಿನ ಹೆಸರು ಇನ್ನೊಂದು ಸಲ ಹೇಳಿ ಎಂದರಂತೆ. ಆ ಸೀಬೆಕಾಯಿ ಹನ್ನೆರಡು ಮೆಷಿನ್ನಿನವರೂ ತಿಂದಿದ್ದಾರೆ. ಹಾಗಾಗಿ ಈ ಕತೆಗೆ ಸಾಕ್ಷಿಗಳಿದ್ದಾರೆ.

ಇನ್ನು ನನ್ನ ವಿಷಯ. ನಮ್ಮದು ಪುಟ್ಟೇನಹಳ್ಳಿ ಕೆರೆಯ ಆಚೆ ದ್ರಾಕ್ಷಿ ತೋಟ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಎಸ್‌ಎಸ್‌ಎಲ್‌ಸಿ ಮುಟ್ಟಿದ್ದು ನನ್ನಿಂದಲೇ ಶುರು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ನಮ್ಮ ಹೈಸ್ಕೂಲಿನ ಹೆಡ್‌ಮೇಷ್ಟ್ರು ಬೀರುವಿನಿಂದ ಸೂಕ್ಷ್ಮದರ್ಶಕ ತೆಗೆದರು. ಅದನ್ನು ವರ್ಷಕ್ಕೊಂದು ಸಲ ಇನ್‌ಸ್ಪೆಕ್ಟರು ಬಂದಾಗ ಮಾತ್ರ ತೆಗೆಯುತ್ತಿದ್ದರು. ಏನಾದರೂ ತನ್ನಿ ನೋಡೋಣ ಎಂದಾಗ ನಾನು ನಮ್ಮ ತೋಟದ ಬೂಷ್ಟು ಹಿಡಿದ ದ್ರಾಕ್ಷಿ ಎಲೆ ಕೊಟ್ಟೆ. ಆ ಬೂಷ್ಟಿನ ಮೇಲೆ ಅಪ್ಪ ಮೂರು ವರ್ಷದಿಂದ ಸುಣ್ಣ, ಮೈಲುತುತ್ತ, ಬೈಗುಳ ಎಲ್ಲವನ್ನೂ ಹಾಕಿ ಸೋತಿದ್ದರು. ಕಣ್ಣಿಟ್ಟು ನೋಡಿದರೆ ಬೂಷ್ಟೇ ಇರಲಿಲ್ಲ. ಅಲ್ಲೊಂದು ಕಾಡು ಇತ್ತು. ಕವಲೊಡೆದ ಪುಟ್ಟ ಪುಟ್ಟ ಮರಗಳು, ಒಂದೊಂದು ಕವಲಿನ ತುದಿಗೂ ಗಾಜಿನಂಥ ನಿಂಬೆಹಣ್ಣು. ಹಿಂದಿದ್ದವಳು ಜಡೆ ಹಿಡಿದು ಎಳೆದ ಮೇಲೇ ನಾನು ಅಲ್ಲಿಂದ ಕದಲಿದ್ದು. ಆವತ್ತಿನಿಂದ ನನಗೆ ಬೇಕಾಗಿದ್ದದ್ದು ಒಂದೇ, ಅದನ್ನು ಇನ್ನೊಮ್ಮೆ ನೋಡುವುದು. ಅದಕ್ಕೆ ಪಿಯುಸಿಯಲ್ಲಿ ಸೈನ್ಸ್ ಬೇಕು ಎಂದು ಹೆಡ್‌ಮೇಷ್ಟ್ರು ಹೇಳಿದರು. ನಗರದ ನಡುವಿನ ಕಲ್ಲಿನ ಕಟ್ಟಡದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸೂಕ್ಷ್ಮದರ್ಶಕ ಕೊಡುತ್ತಾರೆ ಎಂದೂ ಹೇಳಿದರು. ಒಬ್ಬೊಬ್ಬರಿಗೂ ಒಂದು ಎಂಬ ಮಾತನ್ನು ನಾನು ಮನೆಗೆ ಹೋಗುವ ದಾರಿಯುದ್ದಕ್ಕೂ ಹೇಳಿಕೊಂಡು ಹೋದೆ.

ನನಗೆ ಆರುನೂರಕ್ಕೆ ನಾನೂರ ಇಪ್ಪತ್ತೇಳು ಬಂತು. ಅಂಕಪಟ್ಟಿ ಮನೆಗೆ ಬಂದ ದಿನ ಅಜ್ಜಿ ಹೊಸ ಕಾಗದ ಎಂದು ಅದರ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿ, ಬೆರಳಲ್ಲಿ ಉಳಿದದ್ದನ್ನು ಗಣಿತದ ಅಂಕದ ಮೇಲೆ ಒರೆಸಿಬಿಟ್ಟರು. ಕಮರ್ ಮೇಡಂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಣಹತ್ತಿಯಲ್ಲಿ ಒತ್ತಿ ಒತ್ತಿ ತೆಗೆದು, ಕೊನೆಗೆ ಎಂಬತ್ತೊಂದು ಎಂದು ಪತ್ತೆ ಮಾಡಿದರು. ಇದು ನಮ್ಮ ಕಡೆ ಹೊಸದೇನಲ್ಲವಂತೆ. ಅಂಕಪಟ್ಟಿಗೆ ಕಟ್ಟು ಗಾಜು ಹಾಕಿಸಿ ದೇವರ ಪಟಗಳ ಪಕ್ಕ ನೇತುಹಾಕಿದವರೊಬ್ಬರು ಕಟ್ಟಿನ ಸಮೇತ ಹೊತ್ತು ತಂದು, ಹೊರಗೆ ತೆಗೆಯಬಾರದು, ಹಾಗೇ ನೋಡಿಕೊಂಡು ಹೊಡೀರಿ ಎಂದಿದ್ದರಂತೆ.

ನಾನು ಎರಡೇ ಕಡೆ ಅರ್ಜಿ ಹಾಕಿದ್ದೆ. ಒಂದು ಕಲ್ಲಿನ ಕಾಲೇಜಿಗೆ, ಸೈನ್ಸಿಗೆ. ಇನ್ನೊಂದು ಯಶವಂತಪುರದ ಕಡೆಯ ಕಾಲೇಜಿಗೆ, ಅಲ್ಲಿ ಆರ್ಟ್ಸ್ ಮಾತ್ರ. ಕಲ್ಲಿನ ಕಾಲೇಜಿನ ಮೊದಲನೇ ಪಟ್ಟಿ ಬಂತು, ನಾನೂರ ನಲವತ್ತೊಂದಕ್ಕೆ ನಿಂತಿತ್ತು. ನಾನು ಇರಲಿಲ್ಲ. ಯಶವಂತಪುರದ ಪಟ್ಟಿಯಲ್ಲಿ ಇದ್ದೆ. ಅಲ್ಲಿಗೆ ಸೇರಲು ಗುರುವಾರ ಕಡೇ ದಿನ. ಕಲ್ಲಿನ ಕಾಲೇಜಿನ ಎರಡನೇ ಪಟ್ಟಿ ಬರುವುದು ಶನಿವಾರ. ನಡುವೆ ಇದ್ದದ್ದು ಒಂದು ಕಾಗದ: ಟಿ.ಸಿ., ಶಾಲೆ ಬಿಟ್ಟದ್ದಕ್ಕೆ ಶಾಲೆಯವರು ಕೊಡುವ ಪತ್ರ. ಅದು ಒಬ್ಬರಿಗೆ ಒಂದೇ. ಅದಕ್ಕೆ ಟ್ರೂ ಕಾಪಿ ನಡೆಯುವುದಿಲ್ಲ. ಒಂದು ಕಾಲೇಜಿಗೆ ಕೊಟ್ಟರೆ ವಾಪಸು ತೆಗೆಯಲು ವಾರಗಟ್ಟಲೆ ಅಲೆಯಬೇಕು, ಅಷ್ಟರಲ್ಲಿ ಇನ್ನೊಂದು ಕಾಲೇಜಿನ ಬಾಗಿಲು ಮುಚ್ಚಿರುತ್ತದೆ. ಗುರುವಾರ ಕೊಟ್ಟರೆ ಆರ್ಟ್ಸ್ ಖಾಯಂ. ಕೊಡದೆ ಶನಿವಾರ ಪಟ್ಟಿಯಲ್ಲೂ ಇಲ್ಲವಾದರೆ ಎಲ್ಲೂ ಇಲ್ಲ.

ಎಲ್ಲೂ ಇಲ್ಲ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಬೇರೆ ಅರ್ಥವಿತ್ತು. ನಮ್ಮ ಸೋದರತ್ತೆ ಅಷ್ಟರೊಳಗೆ ಎರಡು ಸಲ ಬಂದು ಹೋಗಿದ್ದರು. ಅವರ ಮಗನಿಗೆ ನನ್ನನ್ನು ತಂದುಕೊಳ್ಳುವುದು ನಾನು ತೊಟ್ಟಿಲಲ್ಲಿದ್ದಾಗಿನ ಮಾತು. ಅಪ್ಪ ಅಕ್ಕನಿಗೆ ಇಲ್ಲ ಎನ್ನಲೂ ಆಗದೆ, ನನಗೆ ಓದು ಬೇಡ ಎನ್ನಲೂ ಆಗದೆ, ಕಾಲೇಜಿಗೆ ಸೇರಿಕೊಂಡರೆ ಓದಲಿ, ಸೇರದಿದ್ದರೆ ಆಷಾಢ ಕಳೆದ ಮೇಲೆ ಲಗ್ನ ಎಂದು ಮಾತು ಕೊಟ್ಟಿದ್ದರು. ಅತ್ತೆಯ ಮಗ ಒಳ್ಳೆಯವನೇ. ಮುಂದೆ ಬೇರೆಯವರನ್ನು ಮದುವೆಯಾಗಿ ಚೆನ್ನಾಗಿಯೇ ಇದ್ದ, ನಮ್ಮ ಮನೆಗೆ ಬಂದಾಗಲೆಲ್ಲ ಕ್ಯಾರಿಯರ್ ತುಂಬ ಒಬ್ಬಟ್ಟು ತರುತ್ತಿದ್ದ. ಆದರೆ ಆಗ ನನಗೆ ಹದಿನಾರು ವರ್ಷ, ಅವನ ಹೆಸರು ಕೇಳಿದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ.

ಗುರುವಾರ ಬೆಳಿಗ್ಗೆ ಅಪ್ಪ ಟಿ.ಸಿ.ಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಅಂಗಿಯ ಒಳಗೆ ಎದೆಗೆ ಒತ್ತಿಟ್ಟುಕೊಂಡು ಹೊರಟರು, ನಾನು ಹಿಂದೆ. ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಗೊಬ್ಬರದ ಅಂಗಡಿ ಸಿಕ್ಕಿತು. ನಾನು ನಿಂತುಬಿಟ್ಟೆ. ಅಪ್ಪನಿಗೆ ಏನೆನ್ನಿಸಿತೋ, ಅವರೇ ಮೆಟ್ಟಿಲು ಹತ್ತಿದರು. ಮೇಡಂ ನಮ್ಮನ್ನು ನೋಡಿದವರೇ ಎಲ್ಲ ಮೆಷಿನ್ನುಗಳನ್ನೂ ನಿಲ್ಲಿಸಲು ಕೈ ಎತ್ತಿದರು. ಆ ಕೋಣೆ ಸದ್ದಿಲ್ಲದೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಪ್ಪ ಹೇಳಿದರು, "ಇವತ್ತು ಕಡೇ ದಿನ್ವಂತೆ ಮೇಡಮ್ಮ. ಆರ್ಟ್ಸಿಗೇ ಕೊಟ್ಬುಟ್ಟು ಬರಾನ ಅಂತ ಒಂಟಿದ್ದೀವಿ. ನೀವೇನ್ ಏಳ್ತೀರ?"

ಮೇಡಂ ಕಣ್ಣು ಮುಚ್ಚಿದರು. ಬೆರಳುಗಳು ಮೇಜಿನ ಮೇಲೆ ಓಡಿದವು. ಎಂದಿಗಿಂತ ಹೆಚ್ಚು ಹೊತ್ತೇ ಓಡಿದವು. ಪ್ರತಿ ವರ್ಷ ಆ ಕಾಲೇಜಿನಲ್ಲಿ ಮೊದಲನೇ ಪಟ್ಟಿಗೂ ಎರಡನೆಯದಕ್ಕೂ ಹತ್ತು ಅಂಕ ಇಳಿಯುತ್ತದೆ, ಆ ಪ್ರಕಾರ ಈ ಸಲ ನಾನೂರ ಮೂವತ್ತೊಂದಕ್ಕೆ ನಿಲ್ಲಬೇಕು, ಇವಳಿಗೆ ನಾಲ್ಕು ಅಂಕ ಸಾಲದು ಎಂದರು. ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಎದ್ದು ಹೋಗಿ, ಬೀರುವಿನ ಕೆಳಗಿನಿಂದ ಕಾರ್ಬನ್ ಪೇಪರಿನ ಐದು ಡಬ್ಬಿಗಳನ್ನು ತಂದು ಮೇಜಿನ ಮೇಲೆ ಜೋಡಿಸಿದರು.

"ನೋಡಿ ಗೌಡ್ರೆ, ಹೋದ್ ವರ್ಷ ಈ ಹೊತ್ತಿಗೆ ಮೂರು ಡಬ್ಬಿ ಕಾರ್ಬನ್ ಮುಗ್ದಿತ್ತು. ಈ ವರ್ಷ ಐದನೇದು ಅರ್ಧ ಆಗಿದೆ. ಪಾಸಾದ ಮಕ್ಕಳು ಜಾಸ್ತಿ ಇಲ್ಲ, ಅಷ್ಟೇ ಇದಾರೆ. ಸಿಟೀಲಿ ಎರಡು ಹೊಸ ಕಾಲೇಜು ಶುರುವಾಯ್ತಲ್ಲ, ಒಬ್ಬೊಬ್ರೂ ಐದು ಐದು ಕಾಪಿ ಹೊಡಿಸ್ಕೊಂಡ್ ಹೋದ್ರು. ಐದು ಕಡೆ ಲಿಸ್ಟಲ್ಲೂ ಒಬ್ಬಳ್ದೇ ಹೆಸರು ಬರತ್ತೆ. ಟಿ.ಸಿ. ಇರೋದು ಒಂದೇ ಅಲ್ವಾ? ಒಂದ್ ಕಡೆ ಕೊಡ್ತಾಳೆ, ನಾಲ್ಕ್ ಕಡೆ ಜಾಗ ಖಾಲಿ."

ಅಪ್ಪ ಡಬ್ಬಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಅವರು ಓದಿದ್ದು ಮೂರನೇ ಕ್ಲಾಸು. ಆದರೆ ಚಪ್ಪರ ನೋಡಿ ಈ ಸಲ ಎಷ್ಟು ಕಾಯಿ ನಿಲ್ಲುತ್ತದೆ ಎಂದು ಹೇಳುವುದರಲ್ಲಿ ಅವರಷ್ಟು ಬಲ್ಲವರು ನಮ್ಮ ಕೆರೆಯ ಸುತ್ತ ಇರಲಿಲ್ಲ.

"ಊವು ಜಾಸ್ತಿ ಬುಟ್ಟೈತೆ, ಉದ್ರೋದೂ ಜಾಸ್ತಿ ಅಂತೀರ."

"ಅದೇ ಗೌಡ್ರೆ. ನಾನೂರ ಇಪ್ಪತ್ತೈದು, ಇಪ್ಪತ್ತಾರಕ್ಕೆ ನಿಲ್ಲತ್ತೆ ಅನ್ಸತ್ತೆ. ಟಿ.ಸಿ. ಕೊಡ್ಬೇಡಿ."

ತಪ್ಪಿದರೆ ಎಂದು ಅಪ್ಪ ಕೇಳಿದರು. ತಪ್ಪಿದರೆ ಒಂದು ವರ್ಷ ನನ್ನ ಹತ್ತಿರ ಬಿಡಿ, ಟೈಪಿಂಗ್ ಕಲಿಸುತ್ತೇನೆ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕೋಣ, ಅಲ್ಲಿಯವರೆಗೆ ಲಗ್ನದ ಮಾತು ಎತ್ತಬಾರದು, ಇಷ್ಟಕ್ಕೆ ಒಪ್ಪಿದರೆ ಮಾತ್ರ ನನ್ನ ಮಾತು ಕೇಳಿ ಎಂದರು ಮೇಡಂ. ನಮ್ಮ ಮನೆಯ ಲಗ್ನದ ಸುದ್ದಿ ಅವರಿಗೆ ಹೇಗೆ ಗೊತ್ತಾಯಿತೋ ನನಗೆ ತಿಳಿಯದು. ಆ ಮೆಟ್ಟಿಲು ಹತ್ತುವವರು ಬರೇ ಅಂಕ ತರುತ್ತಿರಲಿಲ್ಲ ಎಂದು ಕಾಣುತ್ತದೆ. ಅಪ್ಪ ನನ್ನ ಕಡೆ ತಿರುಗಿದರು. ಹುಟ್ಟಿದಾಗಿನಿಂದ ನನ್ನನ್ನು ಅವರು ಏನೂ ಕೇಳಿದ್ದಿಲ್ಲ. ಊಟ ಆಯಿತೇ, ಹಸುವಿಗೆ ನೀರು ಇಟ್ಟೆಯಾ, ಇಷ್ಟೇ.

"ಏನ್ ಮಾಡನವ್ವ?" ಎಂದರು.

ಕಾಯೋಣ ಎಂದೆ. ಧೈರ್ಯದಿಂದ ಹೇಳಿದೆ ಎಂದು ಬರೆದುಕೊಳ್ಳಲು ಆಸೆ. ನಿಜವೆಂದರೆ ನನಗೆ ಆ ಐದು ಡಬ್ಬಿಗಳನ್ನು ಬಿಟ್ಟು ಬೇರೇನೂ ಕಾಣಿಸುತ್ತಿರಲಿಲ್ಲ. ಕಾರ್ಬನ್ ಪೇಪರ್ ಎಷ್ಟು ಖರ್ಚಾಯಿತು ಎಂಬುದರಿಂದ ಹತ್ತು ಮೈಲಿ ಆಚೆಯ ಕಾಲೇಜೊಂದರ ಪಟ್ಟಿ ಎಲ್ಲಿಗೆ ನಿಲ್ಲುತ್ತದೆ ಎಂದು ಹೇಳುವವರನ್ನು ನಾನು ನೋಡಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಆ ಕಾಡನ್ನು ಹೇಗೆ ನೋಡಿದ್ದೆನೋ ಹಾಗೇ ಆ ಡಬ್ಬಿಗಳನ್ನು ನೋಡುತ್ತಿದ್ದೆ. ಅಪ್ಪ ಟಿ.ಸಿ.ಯನ್ನು ಅಂಗಿಯೊಳಗಿಂದ ತೆಗೆದು ನನ್ನ ಕೈಗೆ ಕೊಟ್ಟು ತೋಟಕ್ಕೆ ಹೊರಟರು. ಮೆಷಿನ್ನುಗಳು ಮತ್ತೆ ಶುರುವಾದವು.

ಈ ವಿದ್ಯೆ ಆಮೇಲೆ ಏನಾಯಿತು ಎಂದು ನೀವು ಕೇಳಬಹುದು. ಎಂಬತ್ತರ ದಶಕದಲ್ಲಿ ಯಲಹಂಕಕ್ಕೂ ಜೆರಾಕ್ಸ್ ಬಂತು. ಟ್ರೂ ಕಾಪಿ ಹೊಡೆಸುವವರು ಕಡಿಮೆಯಾದರು, ಕಾರ್ಬನ್ ಡಬ್ಬಿ ವರ್ಷಕ್ಕೊಂದು ಸಾಕಾಯಿತು. ಇಂಜಿನಿಯರಿಂಗು, ಮೆಡಿಕಲ್ಲಿಗೆ ಪ್ರವೇಶ ಪರೀಕ್ಷೆ ಎಂಬುದು ಬಂದ ಮೇಲೆ ಅಂಕಪಟ್ಟಿಯ ಮಾತು ಮೊದಲಿನಷ್ಟು ನಡೆಯುತ್ತಿರಲಿಲ್ಲ. ಆದರೂ ಜನ ಬರುತ್ತಿದ್ದರು. ಜೆರಾಕ್ಸ್ ಮಾಡಿಸಿದ ಕಾಗದ ಹಿಡಿದುಕೊಂಡು, ಟೈಪು ಮಾಡಿಸುವುದು ಏನೂ ಇಲ್ಲದಿದ್ದರೂ ಮೆಟ್ಟಿಲು ಹತ್ತಿ, ಮೇಡಂ ಸಿಗತ್ತಾ ಎನ್ನುತ್ತಿದ್ದರು. ಒಂದು ಸಲ ನಾನು ಹೋದಾಗ ಬೀದಿಯ ತುದಿಯ ಜೆರಾಕ್ಸ್ ಅಂಗಡಿಯವರೇ ತಮ್ಮ ಮಗಳನ್ನು ಕರೆದುಕೊಂಡು ಬಂದು ಸಾಲಿನಲ್ಲಿ ನಿಂತಿದ್ದರು. ಇವರ ಅಂಗಡಿಯಲ್ಲಿ ದಿನಕ್ಕೆ ಎಷ್ಟು ರಿಮ್ ಕಾಗದ ಖರ್ಚಾಗುತ್ತಿದೆ ಎಂದು ಮೇಡಂ ಆಗಲೇ ವಿಚಾರಿಸಿಟ್ಟಿದ್ದರು.

ಕಾಯೋಣ ಎಂದ ಮರುದಿನ, ಆ ಶುಕ್ರವಾರ, ಹೇಗೆ ಕಳೆಯಿತೋ ಹೇಳಲಾರೆ. ಅತ್ತೆ ಮೂರನೇ ಸಲ ಬಂದರು. ಗುರುವಾರ ಕೈಗೆ ಬಂದ ಸೀಟನ್ನು ಬಿಟ್ಟರೆಂದು ಕೇಳಿ, ಹಾಗಾದರೆ ಶ್ರಾವಣದ ಮೊದಲ ವಾರವೇ ಇಟ್ಟುಕೊಳ್ಳೋಣ ಎಂದು ಅಜ್ಜಿಯ ಜೊತೆ ಎಲೆ ಅಡಿಕೆ ಹಾಕಿಕೊಂಡು ಸಂತೋಷವಾಗಿ ಮಾತಾಡಿದರು. ಅಪ್ಪ ತೋಟದಿಂದ ಮನೆಗೆ ಬರಲೇ ಇಲ್ಲ, ಬುತ್ತಿ ಅಲ್ಲಿಗೇ ತರಿಸಿಕೊಂಡರು. ಶನಿವಾರ ಅವರು ಬೆಳಿಗ್ಗೆಯೇ ಹಣ್ಣಿನ ಗಾಡಿಯ ಜೊತೆ ಮಾರ್ಕೆಟ್ಟಿಗೆ ಹೋಗಬೇಕಾಯಿತು. ಪಟ್ಟಿ ನೋಡಲು ನನ್ನ ಜೊತೆ ಯಾರು ಹೋಗುವುದು? ಅಲ್ಲಿಯವರೆಗೆ ನಾನು ಹೆಬ್ಬಾಳ ದಾಟಿ ಒಬ್ಬಳೇ ಹೋದವಳಲ್ಲ. ಬಸ್ ಸ್ಟ್ಯಾಂಡಿಗೆ ಬಂದರೆ ಕಮರ್ ಮೇಡಂ ನಿಂತಿದ್ದರು. ಇನ್‌ಸ್ಟಿಟ್ಯೂಟಿಗೆ ಬೀಗ ಹಾಕಿ ಬಂದಿದ್ದರು. ಕಪ್ಪು ಬುರ್ಖಾ, ಮುಖದ ಪರದೆ ಹಿಂದಕ್ಕೆ ಸರಿಸಿತ್ತು, ಕೈಯಲ್ಲೊಂದು ಕೊಡೆ. ನಿಮ್ಮ ಅಪ್ಪ ಮಾರ್ಕೆಟ್ಟಿಗೆ ಹೋಗುವಾಗ ಹೇಳಿ ಹೋದರು ಎಂದರು. ಬಸ್ಸು ಹತ್ತಿದೆವು. ಹೆಬ್ಬಾಳದ ಕೆರೆ, ಮೇಖ್ರಿ ಸರ್ಕಲ್ಲು ಹಿಂದಕ್ಕೆ ಸರಿದವು. ಅವರ ಬೆರಳುಗಳು ಕೊಡೆಯ ಹಿಡಿಯ ಮೇಲೆ ಆಡುತ್ತಿದ್ದದ್ದನ್ನು ನಾನು ನೋಡಿದೆ. ಅವರಿಗೂ ಭಯವಾಗಿತ್ತು ಎಂದು ನನಗೆ ಹೊಳೆಯಲು ಎಷ್ಟೋ ವರ್ಷ ಬೇಕಾಯಿತು.

ಕಲ್ಲಿನ ಕಾಲೇಜಿಗೆ ಎರಡು ಗೇಟು. ದೊಡ್ಡ ಗೇಟಿಗೆ ಬೀಗ ಹಾಕಿತ್ತು. ಮೇಡಂ ಅದರ ಮುಂದೆ ನಿಂತು ಅತ್ತ ಇತ್ತ ನೋಡಿ, ಪಕ್ಕದ ಗೇಟಿಂದ ಒಳಗೆ ಹೋಗಿ ಎಡಕ್ಕೆ ತಿರುಗಿದ್ರೆ ಆಫೀಸು ಎಂದು ತಮಗೆ ತಾವೇ ಪಾಠ ಒಪ್ಪಿಸುವ ಹಾಗೆ ಹೇಳಿಕೊಂಡರು. ಆಮೇಲೆ ನನ್ನನ್ನು ಕೇಳಿದರು, ಪಕ್ಕದ ಗೇಟು ಯಾವ ಕಡೆ ಇದೆ ಎಂದು. 'ನೀವು ಇಲ್ಲಿಗೆ ಬಂದಿಲ್ವಾ ಮೇಡಂ' ಎಂದೆ. ಇಲ್ಲ ಎಂದು ತಲೆಯಾಡಿಸಿದರು. ನೂರಾರು ಮಕ್ಕಳಿಗೆ ಅಲ್ಲಿಯ ದಾರಿ, ಗುಮಾಸ್ತ, ನೋಟಿಸ್ ಬೋರ್ಡು ಎಲ್ಲ ಹೇಳಿಕೊಟ್ಟವರು. ಮಕ್ಕಳು ಬಂದು ಒಪ್ಪಿಸಿದ್ದನ್ನೇ ಕೇಳಿ ಕೇಳಿ ಆ ಕಾಲೇಜನ್ನು ಕಟ್ಟಿಕೊಂಡಿದ್ದರು. ಅವರು ಹೇಳುತ್ತಿದ್ದದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಬೋರ್ಡಿನ ಮುಂದೆ ಹುಡುಗಿಯರು ಮುತ್ತಿಕೊಂಡಿದ್ದರು. ಎಲ್ಲರೂ ಮೇಲಿನ ಸಾಲಿಗೆ ಕತ್ತೆತ್ತಿ ನಿಂತಿದ್ದರು. ಮೇಡಂ ನನ್ನನ್ನು ಅವರ ಮೊಣಕೈಗಳ ಕೆಳಗೆ ತೂರಿಸಿ, ಬುಡದಿಂದ ನೋಡು ಎಂದರು. ಕಡೆಯ ಹೆಸರಿನ ಮುಂದೆ ನಾನೂರ ಇಪ್ಪತ್ತೈದು. ಅದರ ಮೇಲೆ ಮೂರು ಜನ ನಾನೂರ ಇಪ್ಪತ್ತಾರು. ಅವರ ಮೇಲೆ ಪಿ. ಮುನಿಲಕ್ಷ್ಮಿ, ನಾನೂರ ಇಪ್ಪತ್ತೇಳು. ಆ ಹೆಸರಿನ ಬಗ್ಗೆ ನನಗೆ ಮೊದಲಿನಿಂದ ನಾಚಿಕೆಯಿತ್ತು, ಸಿಟಿಯವರು ನಗುತ್ತಾರೆ ಎಂದು. ಆವತ್ತು ಅಷ್ಟು ಚೆಂದದ ಹೆಸರು ಆ ಬೋರ್ಡಿನಲ್ಲಿ ಇನ್ನೊಂದಿರಲಿಲ್ಲ. ಹಿಂದಕ್ಕೆ ತಿರುಗಿ ತಲೆ ಆಡಿಸಿದೆ. ಮೇಡಂ, ಎಷ್ಟಕ್ಕೆ ನಿಂತಿದೆ ಎಂದು ಕೇಳಿದರು. ಹೇಳಿದೆ. ಅವರು ಒಂದು ಸಲ ಕಣ್ಣು ಮುಚ್ಚಿ ತೆರೆದರು, ಅಷ್ಟೇ.

ಗುಂಪು ಕರಗಿದ ಮೇಲೆ ಅವರು ಬೋರ್ಡಿನ ಹತ್ತಿರ ಬಂದು ಪಟ್ಟಿಯನ್ನು ಬುಡದಿಂದ ತುದಿಯವರೆಗೆ ಒಂದೂ ಬಿಡದೆ ಓದಿದರು. ಓದಿ ಮುಗಿಸಿ, ಬೋರ್ಡನ್ನು ನೋಡುತ್ತಲೇ ಹೇಳಿದರು:

"ನಂದು ನಾನೂರ ಹದಿನೆಂಟು. ಆ ವರ್ಷ ಇಲ್ಲಿ ನಾನೂರ ಹನ್ನೊಂದಕ್ಕೆ ನಿಂತಿತ್ತು."

ಏಳು ಅಂಕ ಹೆಚ್ಚೇ ಇದ್ದರೂ ಅವರು ಆವತ್ತಿನವರೆಗೆ ಆ ಗೇಟು ದಾಟಿದವರಲ್ಲ. ಅವರು ನನ್ನ ಬೆನ್ನು ತಟ್ಟಿ, ಆಫೀಸು ಹನ್ನೆರಡಕ್ಕೆ ಮುಚ್ಚುತ್ತಾರೆ, ಹೋಗಿ ಟಿ.ಸಿ. ಕೊಟ್ಟು ಬಾ ಎಂದರು. ಒಳಗೆ ಹೋದೆ. ಗುಮಾಸ್ತರು ಟಿ.ಸಿ.ಯನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದು ಮೊಹರು ಒತ್ತಿ, ಚೀಟಿಯೊಂದನ್ನು ಕೊಟ್ಟರು. ಎರಡು ನಿಮಿಷದ ಕೆಲಸ.

ಹೊರಗೆ ಬಂದಾಗ ಮೇಡಂ ಬೋರ್ಡಿನ ಮುಂದೆ ಇರಲಿಲ್ಲ. ಮೊದಲನೇ ಮಹಡಿಗೆ ಹೋಗುವ ಅಗಲವಾದ ಕಲ್ಲು ಮೆಟ್ಟಿಲಿನ ಹತ್ತಿರ ನಿಂತು ಮೇಲೆ ನೋಡುತ್ತಿದ್ದರು. ಅಲ್ಲಿದ್ದ ಜವಾನ ಕೈ ಅಡ್ಡ ಹಿಡಿದು, ಅಡ್ಮಿಷನ್ ಆದವರು ಮಾತ್ರ ಮೇಲೆ ಹೋಗಬೇಕು ಎನ್ನುತ್ತಿದ್ದ. ಅವರು ಸರಿ ಎಂದು ಹಿಂದಕ್ಕೆ ಸರಿಯುತ್ತಿದ್ದರು. ನಾನು ಹೋಗಿ ಚೀಟಿ ತೋರಿಸಿದೆ.

"ಯಾರ್ದಮ್ಮ ಅಡ್ಮಿಷನ್ನು?" ಎಂದು ಆತ ಕೇಳಿದ.

"ಇಬ್ಬರ್ದೂ" ಎಂದೆ.

ಆತ ಒಂದು ಸಲ ನನ್ನನ್ನು ನೋಡಿದ, ಒಂದು ಸಲ ಅವರನ್ನು ನೋಡಿದ, ಕೈ ತೆಗೆದ. ಕಮರ್ ಮೇಡಂ ಬುರ್ಖಾದ ಅಂಚನ್ನು ಸ್ವಲ್ಪ ಎತ್ತಿ ಹಿಡಿದು ಮೆಟ್ಟಿಲು ಹತ್ತಿದರು. ಮೇಲಿನ ಉದ್ದನೆಯ ಪಡಸಾಲೆಯಲ್ಲಿ ಒಂದೊಂದು ಕೋಣೆಯ ಬಾಗಿಲಿಗೂ ನಿಂತು ಒಳಗೆ ನೋಡಿದರು. ಯಾವುದನ್ನೂ ಬಿಡಲಿಲ್ಲ. ನಾನು ಅವಸರ ಮಾಡದೆ ಅವರ ಹಿಂದೆ ನಡೆದೆ.